ಕರಿ ಅಂಚಿನ ಸಂಚಿಕೆ

ಗೋಕಾಕದ ಅಚ್ಚಿನ ಕಾಕಾ ಹೋದ ತಿಂಗಳು ಅಂಗಡಿ ಮುಚ್ಚಿದರು. ಅವರಿಗೆ ಕೆಲಸ ಸಾಕೆನಿಸಿರಲಿಲ್ಲ, ಕಣ್ಣಿಗೆ ಸಾಕಾಗಿತ್ತು. ಸೀಸದ ಮೊಳೆಗಳನ್ನು ಬೆರಳಿನಿಂದ ತಡವಿ ಇದು ಕ, ಇದು ತ ಎಂದು ಇವತ್ತಿಗೂ ಹೇಳಬಲ್ಲರು. ಆದರೆ ಈಚೆಗೆ ಒಂದು ಗೃಹಪ್ರವೇಶದ ಪತ್ರದಲ್ಲಿ ಯಜಮಾನರ ಹೆಸರಿನ ಕೆಳಗೆ ಕರದಂಟಿನ ಡಬ್ಬಿಯ ಸಾಲೊಂದು ಬಂದು ಕೂತುಬಿಟ್ಟಿತು.

"ಇನ್ನ ಸಾಕ್ರಿ ಮಾಸ್ತರ," ಎಂದರು ನನಗೆ. "ಇವತ್ತ ಯಜಮಾನ್ರು ಶುದ್ಧ ತುಪ್ಪದಾಗ ತಯಾರಾಗ್ಯಾರ. ನಾಳೆ ಮದಿಮಗಳ ಮ್ಯಾಲ ಏನ ಕುಂದರತೈತೋ ಯಾರಿಗೆ ಗೊತ್ತು."

ಅವರ ಬಗ್ಗೆ ಒಂದಿಷ್ಟು ಬರೆದಿಡಬೇಕೆಂದು ಅವತ್ತೇ ಅನಿಸಿತು. ಆದರೆ ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಪುಣೆಯಲ್ಲಿ ಓದುತ್ತಿದ್ದ ದಿನಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಅದರಿಂದ ಆದ ಲಾಭ ಒಂದೇ: ನಾನು ಎಷ್ಟು ಸಲೀಸಾಗಿ ಸುಳ್ಳು ನೆನಪಿಟ್ಟುಕೊಳ್ಳುತ್ತೇನೆ ಎಂಬುದು ತಿಳಿದದ್ದು. ಕಾಕಾ ಕರಿ ಟೋಪಿ ಹಾಕುತ್ತಿದ್ದರೆಂದು ನನಗೆ ನಿಚ್ಚಳ ನೆನಪಿದೆ. ದಿನಚರಿ ತೆಗೆದರೆ ಬಿಳಿ ರುಮಾಲು ಎಂದಿದೆ. ಹಾಗಾಗಿ ಇಲ್ಲಿ ಬರುವುದನ್ನೆಲ್ಲ ಸಾಧ್ಯವಾದಷ್ಟು ದಿನಚರಿಗೆ ಹೋಲಿಸಿ ನೋಡಿ ಬರೆಯುತ್ತಿದ್ದೇನೆ. ಹೋಲಿಸಲು ಹೋಗಿಯೇ ಒಂದು ಕಡೆ ಸಿಕ್ಕಿಬಿದ್ದೆ. ಅದನ್ನೂ ಹೇಳುತ್ತೇನೆ.

ಗಿಡ್ಡ ಮೈಕಟ್ಟು, ಹಣೆಗೆ ವಿಭೂತಿ, ಎಡಗೈ ಹೆಬ್ಬೆರಳಿಗೆ ಎಂದೂ ಹೋಗದ ಮಸಿ. ಮೊಳೆ ಜೋಡಿಸಲು ಬಗ್ಗುವ ಮುಂಚೆ ಕೊರಳಿನ ಲಿಂಗದ ಕರಡಿಗೆ ತೂಗಾಡದಂತೆ ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದರು. ಅಂಗಡಿ ಎಂದರೆ ಒಂದು ಕೋಣೆ, ಕಾಲಿನಿಂದ ತುಳಿಯುವ ಒಂದು ಯಂತ್ರ. ತುಳಿಯುವವರು ಅವರ ಹೆಂಡತಿ. ನಾವೆಲ್ಲ ಕಾಕು ಎನ್ನುತ್ತಿದ್ದೆವು. ಕಾಕು ತುಳಿಯುವುದು ನಿಲ್ಲಿಸಿದರೆ ಗೋಕಾಕದಲ್ಲಿ ಯಾರ ಮದುವೆಯೂ ಆಗುವುದಿಲ್ಲ ಎಂದು ಕಾಕಾ ಹೇಳುತ್ತಿದ್ದರು. "ಹಂಗಾರ ನಿಲ್ಲಸ್ತೇನಿ. ನಾಕ ಮಂದಿ ಹೆಣಮಕ್ಕಳರ ಪಾರಾಗ್ಲಿ," ಎನ್ನುತ್ತಿದ್ದರು ಕಾಕು, ತುಳಿಯುತ್ತಲೇ.

ನನಗೆ ಅವರ ಪರಿಚಯವಾದದ್ದು ಶಾಲೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಹೋದಾಗ. ಆಗಷ್ಟೇ ಗೋಕಾಕದಲ್ಲಿ ಮಾಸ್ತರನಾಗಿ ಸೇರಿದ್ದೆ. ಚೀಲದಿಂದ ಪ್ರಶ್ನೆಗಳನ್ನು ತೆಗೆಯುವಾಗ ಜೊತೆಗೇ ಒಂದು ಹಸ್ತಪ್ರತಿ ಮೇಜಿನ ಮೇಲೆ ಬಿತ್ತು. ಅದು ಅವತ್ತು ಬೆಳಿಗ್ಗೆ ಧಾರವಾಡದ ಒಂದು ಮಾಸಪತ್ರಿಕೆಯಿಂದ ವಾಪಸು ಬಂದಿತ್ತು. ನಾನು ಗಣಿತದ ಪ್ರಶ್ನೆಗಳ ಬಗ್ಗೆ ವಿವರಿಸುತ್ತಿದ್ದೆ, ಕಾಕಾ ಎದುರಿಗೆ ಕೂತು ತಲೆಯಾಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರು ಒಳಗೊಳಗೇ ನಗತೊಡಗಿದರು.

"ಎಮ್ಮಿ ವ್ಯಾಪಾರ ಬಾಳ ಚಲೋ ನಡದೇತ್ರಿ," ಎಂದರು. "ಸಿಟ್ಟ ಆಗಬ್ಯಾಡ್ರಿ. ಜೀವನಾ ಎಲ್ಲಾ ಮೊಳಿ ಉಲ್ಟಾ ಓದಿ ಓದಿ, ಎದುರಿನವರ ಕಾಗದಾ ಉಲ್ಟಾ ಕಂಡ್ರ ಕಣ್ಣ ತಾನ ಓಡತೈತಿ. ನೀವ ಅದನ್ನ ನನ್ನ ಕಡೆ ಸೀದಾ ಇಟ್ಟಿದ್ರ, ದೇವರಾಣಿ, ಓದತಿರಲಿಲ್ಲ."

ಆ ಬರಹ ಏನೆಂದು ಹೇಳಬೇಕು. ಮೂಡಲಗಿಯ ದನದ ಸಂತೆಯಲ್ಲಿ ಒಂದು ಎಮ್ಮೆಯ ವ್ಯಾಪಾರ ನಡೆದಾಗ ಬದಿಗೆ ನಿಂತು ಕೇಳಿದ ಮಾತುಗಳನ್ನಷ್ಟೇ ಬರೆದಿದ್ದೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳು ಒತ್ತಿಯೇ ಬೆಲೆ ಹೇಳಬೇಕು. ಮೇಲೆ ಬಾಯಿ ಮಾತ್ರ ಮಳೆ, ಸೊಸೆ, ನೆಗಡಿ, ಎಮ್ಮೆಯ ತಾಯಿಯ ಸ್ವಭಾವ ಎಂದು ಏನೇನೋ ಆಡುತ್ತಿರುತ್ತದೆ. ನನ್ನ ಬರಹದಲ್ಲಿ ಆ ಮೇಲಿನ ಮಾತು ಮಾತ್ರ ಇತ್ತು. ಯಾರು ಆಡಿದರು, ಹೇಗೆ ನೋಡಿದರು, ಕೊನೆಗೆ ವ್ಯಾಪಾರ ಕುದುರಿತೇ, ಒಂದೂ ಇಲ್ಲ. ಮಾತೂ ಅಲ್ಲಿಯವರು ಆಡಿದಂತೆಯೇ, ನಮ್ಮ ಕಡೆಯ ಮಾತು. ಇದೊಂದು ಹೊಸ ಬಗೆಯ ಕತೆ ಎಂದು ನಾನು ನಂಬಿದ್ದೆ. ಹಾಗೆ ನಂಬಿದ್ದವನು ನಾನೊಬ್ಬನೇ.

ಇಬ್ಬರಾದೆವು. ಕಾಕಾ ತಮ್ಮ ಗೋಡೆಯ ಕಪಾಟು ತೆರೆದರು. ಅದರ ತುಂಬ ಮಾಸಪತ್ರಿಕೆಗಳು. ಮುಂಬಯಿಯಿಂದ ಮೈಸೂರಿನವರೆಗೆ ಎಲ್ಲೆಲ್ಲಿ ಕನ್ನಡ ಅಚ್ಚಾಗುತ್ತದೋ ಅಲ್ಲಿಗೆಲ್ಲ ಒಂದು ಕಾರ್ಡು ಬರೆದು ಮಾದರಿ ಪ್ರತಿ ತರಿಸಿಕೊಳ್ಳುವುದು ಅವರ ಚಟ. ಅಚ್ಚು ಹೇಗಿದೆ ನೋಡಲು ತರಿಸಿದ್ದು ಎನ್ನುತ್ತಿದ್ದರು. ಆದರೆ ಯಾವ ಸಂಪಾದಕರು ಎಂಥವರು ಎಂಬುದು ಅವರಿಗೆ ಬೀಗರ ಸ್ವಭಾವದಷ್ಟು ಗೊತ್ತಿತ್ತು.

"ಮೊದಲನೇ ಪುಟಾ ನೋಡಬ್ಯಾಡ್ರಿ. ಅಲ್ಲಿ ಎಲ್ಲಾರೂ ಶ್ಯಾಣ್ಯಾರ," ಎಂದು ಕಲಿಸಿದರು. "ತಪ್ಪೊಪ್ಪು ಎಲ್ಲಿ ಹಾಕ್ಯಾರ ನೋಡ್ರಿ. ಹೋದ ತಿಂಗಳ ತಪ್ಪ ಈ ತಿಂಗಳ ಒಪ್ಪಕೊಂಡಾನಂದ್ರ ಅಂವ ತಾನ ಹಾಕಿದ್ದನ್ನ ತಾನ ಓದ್ಯಾನ. ಅಂಥಾವ ನಮ್ದೂ ಓದ್ಯಾನು."

ಆ ಲೆಕ್ಕದಲ್ಲಿ ಐದಾರು ಪತ್ರಿಕೆಗಳನ್ನು ಆರಿಸಿದೆವು. ಒಂದಾದ ಮೇಲೊಂದಕ್ಕೆ ಕಳಿಸುವುದು. ಕಳಿಸುವ ಮುಂಚೆ ಕಾಕಾ ಮೂರನೆಯ ಮತ್ತು ನಾಲ್ಕನೆಯ ಹಾಳೆಗಳ ನಡುವೆ ಸಾಸಿವೆಯಷ್ಟು ಗಂಜಿ ಅಂಟಿಸುತ್ತಿದ್ದರು. ವಾಪಸು ಬಂದಾಗ ಮೊದಲು ಅದನ್ನೇ ನೋಡುವುದು.

"ಬಿಚ್ಚಿಲ್ಲ ನೋಡ್ರಿ," ಎಂದು ಖುಷಿಯಿಂದಲೇ ತೋರಿಸುತ್ತಿದ್ದರು. "ಇವ್ರ ಮ್ಯಾಲ ಯಾಕ ಬ್ಯಾಸರಾ? ಇವ್ರು ನಿಮ್ಮ ಎಮ್ಮೀನ ಬ್ಯಾಡ ಅಂದಿಲ್ಲ. ಕೊಟ್ಟಿಗಿ ಬಾಗಲಾನ ತಗದಿಲ್ಲ."

ಒಬ್ಬರು ಬಿಚ್ಚಿದ್ದರು. "ಕತೆ ಎಲ್ಲಿದೆ?" ಎಂದು ಒಂದು ಸಾಲು ಬರೆದಿದ್ದರು. ಇನ್ನೊಬ್ಬರು, ತುಂಬ ಸಜ್ಜನರಿರಬೇಕು, "ಎಮ್ಮೆ ಎಷ್ಟಕ್ಕೆ ಹೋಯಿತೆಂದು ತಿಳಿಸಿದರೆ ಪರಿಶೀಲಿಸಬಹುದು" ಎಂದಿದ್ದರು. ಕಾಕು ಆ ಕಾರ್ಡನ್ನು ಓದಿಸಿ ಕೇಳಿ, "ಅವ್ರಿಗಿ ಎಮ್ಮಿ ಬೇಕಾಗೇತಿ. ನೀವ ಕತಿ ಕಳಸೀರಿ," ಎಂದರು. ಕೊನೆಯ ಪತ್ರಿಕೆಯವರು ಮಾತ್ರ ಹಾಕುತ್ತೇವೆ ಎಂದರು. ಆದರೆ ಭಾಷೆಯನ್ನು ಶುದ್ಧಗೊಳಿಸಬೇಕು, ಐತಿ ಅನ್ನುವ ಕಡೆಯೆಲ್ಲ ಇದೆ ಆಗಬೇಕು.

ಆಗಲಿ ಎಂದು ನಾನು ಉತ್ತರ ಬರೆದೆ. ತಕ್ಷಣ ಹರಿದುಹಾಕಿದೆ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ದಿನಚರಿ ಹಾಗೆ ಹೇಳುವುದಿಲ್ಲ. ನಾಲ್ಕು ದಿನ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಅಂಚೆಯ ಡಬ್ಬಿಯ ಮುಂದೆ ಓಡಾಡಿದ್ದೇನೆ. ಐದನೆಯ ದಿನ ಕಾಕಾನಿಗೆ ತೋರಿಸಿದೆ. ಅವರು ಓದಿ ಮಡಚಿ ನನ್ನ ಕೈಗೇ ಕೊಟ್ಟರು.

"ಹಾಕ್ರಿ, ನಾ ಯಾಕ ಬ್ಯಾಡ ಅನ್ನಲಿ. ಆದ್ರ ಮಾಸ್ತರ, 'ಇದೆ' ಅನ್ನಾಂವ ಮೂಡಲಗಿ ಸಂತ್ಯಾಗ ಎಮ್ಮಿ ಬಾಲಾ ಹಿಡದ ನಿಲ್ಲೂದಿಲ್ಲ. ಅಲ್ಲಿ ಯಾರ್ನ ನಿಲ್ಲಸ್ತೀರಿ? ಮಾಮಲೇದಾರನ್ನ?"

ಹರಿದುಹಾಕಿದ್ದು ಆಗ. ಅದೇ ವಾರ ಆಷಾಢ ಶುರುವಾಯಿತು. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಕಾಕಾನ ಅಂಗಡಿಗೂ ಕೆಲಸವಿಲ್ಲ. ಅವರ ಅಂಗಡಿ ನಿಂತಿದ್ದೇ ಲಗ್ನಪತ್ರಿಕೆಗಳ ಮೇಲೆ. ಉಳಿದದ್ದೆಲ್ಲ ಉಪ್ಪು ಖಾರಕ್ಕೆ. "ಮೊಳಿ ಸುಮ್ನ ಮಲಗ್ಯಾವು. ಮಲಗಿದ್ರ ಧೂಳ ಹಿಡಿತಾವು," ಎಂದು ಒಂದು ಮಧ್ಯಾಹ್ನ ಹೇಳಿದರು. "ನಾವ ಹಾಕೂಣು. ಎಂಟ ಪುಟಾ. ಕಡೀ ಪುಟದಾಗ, ಬ್ಯಾರೆ ಯಾರೂ ಹಾಕಲಾರದ್ದು ನಿಮ್ಮ ಹಂತೇಕ ಇದ್ರ ನಮಗ ಕಳಸ್ರಿ ಅಂತ ಬರಿಯೂಣು. ವರ್ಷಾ ಆಷಾಢಕ್ಕ ಒಂದ."

ಯುದ್ಧದ ಕಾಲ. ಕಾಗದ ಸಿಗುವುದೇ ಕಷ್ಟ. ಲಗ್ನಪತ್ರಿಕೆಗೆಂದು ಇಟ್ಟಿದ್ದ ದಪ್ಪ ಬಿಳಿ ಹಾಳೆಗಳನ್ನೇ ತೆಗೆದರು. ಜೋಡಿಸಲು ಕೂತ ಮೊದಲ ದಿನವೇ ಇನ್ನೊಂದು ಪೇಚು. ಒಂದೂವರೆ ಪುಟಕ್ಕೆ 'ಐ' ಮುಗಿದುಹೋಯಿತು. ಪುಸ್ತಕದ ಕನ್ನಡಕ್ಕೆ ಆ ಅಕ್ಷರ ಅಷ್ಟಾಗಿ ಬೇಕಾಗುವುದಿಲ್ಲ, ಹಾಗಾಗಿ ಮೊಳೆ ಮಾಡುವವರು ಒಂದು ಹಿಡಿ ಕೊಟ್ಟು ಕೈತೊಳೆದುಕೊಂಡಿದ್ದರು. ನಮ್ಮವರು ಬಾಯಿ ತೆಗೆದರೆ ಐತಿ. ಕಾಕಾ ಹುಕ್ಕೇರಿಗೆ ಹೋಗಿ, ಅಲ್ಲಿಯ ಒಂದು ಅಚ್ಚುಕೂಟದವರಿಂದ ತಂಬಾಕಿನ ಡಬ್ಬಿಯ ತುಂಬ 'ಐ' ಎರವಲು ತಂದರು. ದಾರಿಯುದ್ದಕ್ಕೂ ಗಾಡಿಯಲ್ಲಿ ಗಲಗಲ ಸದ್ದು. ಜೊತೆಗಿದ್ದವರು ಏನೆಂದು ಕೇಳಿದರೆ "ಔಷಧ," ಎಂದರಂತೆ. "ಹೊತ್ತಿಗಿ ಹತ್ತ ತಗೋಬೇಕ್ರಿ."

ಮೊದಲ ಪುಟಕ್ಕೆ ಸುತ್ತಲೂ ದಪ್ಪನೆಯ ಕರಿ ಅಂಚು. ನೋಡಲು ಬಹಳ ಚೆನ್ನಾಗಿತ್ತು. ಎಲ್ಲಿಗೆ ಕಳಿಸುವುದು ಎಂಬುದೂ ಸುಲಭ. ಲಗ್ನಪತ್ರಿಕೆ ಹಾಕಿಸಿದ ಮನೆಗಳ ವಿಳಾಸದ ವಹಿ ಇತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಿಗೆ ಅಂಚೆಯಲ್ಲಿ ಹೋಯಿತು.

ಇಲ್ಲಿ ಒಂದು ಮಾತು. ನಮ್ಮ ಕಡೆ ಸಾವಿನ ಸುದ್ದಿಯ ಪತ್ರಕ್ಕೆ ಕರಿ ಅಂಚು ಹಾಕುತ್ತಾರೆ. ಅಂಥ ಪತ್ರವನ್ನು ಮನೆಯೊಳಗೆ ಒಯ್ಯುವುದಿಲ್ಲ. ಹೊರಗೆ ನಿಂತು ಪೂರ್ತಿ ಓದಿ, ಹರಿದು, ಸ್ನಾನ ಮಾಡಿ ಒಳಗೆ ಹೋಗಬೇಕು. ಕಾಕಾ ಬಸವಣ್ಣನ ದಾರಿಯವರು, ಸೂತಕ ಎಂಬುದೇ ಇಲ್ಲವೆಂದು ನಂಬಿ ಹಾಗೆಯೇ ನಡೆಯುವವರು. ಅವರ ತಲೆಗೆ ಇದು ಹೊಳೆಯಲಿಲ್ಲ. ಸೂತಕ ಆಚರಿಸುವ ಮನೆಯಲ್ಲಿ ಹುಟ್ಟಿದ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ ಎನ್ನುವುದಕ್ಕೆ, ಕಾಲೇಜು ಓದಿದ್ದೆ ಎನ್ನುವುದನ್ನು ಬಿಟ್ಟರೆ ಬೇರೆ ಕಾರಣ ನನ್ನಲ್ಲಿಲ್ಲ.

ಅದು ನಾಗನೂರಿನ ನಮ್ಮ ಮನೆಗೆ ಬಂದಾಗ ನಾನು ಎರಡು ದಿನದ ರಜೆಗೆ ಅಲ್ಲೇ ಇದ್ದೆ. ಅಂಚೆಯವನು ದೂರದಿಂದಲೇ ಕೈ ಚಾಚಿ ಕೊಟ್ಟ. ಅವ್ವ ನಡುಮನೆಯಿಂದ, "ಯಾರ್ರೀ? ಯಾರ ಹ್ವಾದ್ರು?" ಎಂದು ಕೂಗಿದಳು. ದೊಡ್ಡಪ್ಪ ಅಂಗಳದಲ್ಲೇ ನಿಂತು ಓದತೊಡಗಿದರು. ನೆರೆಯವರು ಸೇರಿದರು.

"'ಹಲ್ಲ ನೋಡ, ಹಲ್ಲ ನೋಡ, ನಿಮ್ಮತ್ತಿಗಿಂತ ಚಲೋ ಅದಾವು,'" ಎಂದು ಓದಿ ದೊಡ್ಡಪ್ಪ ತಲೆ ಎತ್ತಿದರು. "ಇದೇನು?"

"ಮುಂದ ಓದ್ರಿ, ಮುಂದ ಇರತೈತಿ ಹೆಸರ," ಎಂದರು ಯಾರೋ.

ಸತ್ತವರನ್ನು ಹುಡುಕುತ್ತ ದೊಡ್ಡಪ್ಪ ಎಂಟೂ ಪುಟ ಗಟ್ಟಿಯಾಗಿ ಓದಿದರು. ಮೊದಮೊದಲು ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ಮೂರನೆಯ ಪುಟಕ್ಕೆ ಒಬ್ಬ ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡಳು. ಐದನೆಯ ಪುಟಕ್ಕೆ ಇಡೀ ಅಂಗಳ ನಗುತ್ತಿತ್ತು. "ಸತ್ತಾರ ಯಾರ ಹಂಗಾರ? ಎಮ್ಮಿ?" ಎಂದು ಕೇಳಿದರು ದೊಡ್ಡಪ್ಪ. ನಗುತ್ತಲೇ ಹರಿದುಹಾಕಿದರು, ನಗುತ್ತಲೇ ಬಾವಿಗೆ ಹೋಗಿ ಎಲ್ಲರೂ ಸ್ನಾನ ಮಾಡಿದರು. ಊರೂರಲ್ಲೂ ಹೀಗೇ ಆಯಿತೆಂದು ಆಮೇಲೆ ತಿಳಿಯಿತು. ಒಂದು ಬರಹವನ್ನು ಬಂದ ತಕ್ಷಣ, ನಿಂತ ಕಾಲಲ್ಲಿ, ಕೊನೆಯ ಅಕ್ಷರದವರೆಗೆ ಎಲ್ಲರೂ ಓದುವಂತೆ ಮಾಡಿದ ಸಂಪಾದಕರು ಬೇರೆ ಯಾರಿದ್ದಾರೋ ನನಗೆ ಗೊತ್ತಿಲ್ಲ.

ನಗು ಒಂದು ತಿಂಗಳು ನಡೆಯಿತು. ತುಳಸಿ ಲಗ್ನ ಮುಗಿದು ಮದುವೆಯ ಕಾಲ ಬಂದಾಗ, ಕಾಕಾನ ಅಂಗಡಿಗೆ ಯಾರೂ ಬರಲಿಲ್ಲ. ನಕ್ಕವರೂ ಬರಲಿಲ್ಲ. ಸತ್ತವರ ಅಂಚು ಮುಟ್ಟಿದ ಯಂತ್ರದಲ್ಲಿ ಮಗಳ ಲಗ್ನಪತ್ರಿಕೆ ಹಾಕಿಸಲು ಯಾರಿಗೆ ಧೈರ್ಯ? ಎಲ್ಲ ಹುಕ್ಕೇರಿಗೆ ಹೋಯಿತು. ಒಂದು ಮದುವೆಯ ಕಾಲ ಹೀಗೇ ಹೋದರೆ ಯಂತ್ರ ಮಾರಿ ಎದ್ದು ಹೋಗುವುದೇ ದಾರಿ. ಅದು ಕಾಕಾನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾಕಾ ದಿನವೂ ಅಂಗಡಿ ತೆರೆದು, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಮತ್ತೆ ಪೆಟ್ಟಿಗೆಯ ಮನೆಗಳಲ್ಲಿ ಹಾಕುತ್ತ ಕೂಡುತ್ತಿದ್ದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ತಪ್ಪ ನಂದ ನೋಡ್ರಿ. ನಮಗ ಸೂತಕ ಇಲ್ಲಲ್ಲ, ಹೊಳೀಲಿಲ್ಲ. ಮಾಸ್ತರರದು ಏನೂ ಇಲ್ಲ, ಅವ್ರು ಬರದಾವ್ರು ಅಷ್ಟ."

ಅದೇ ಕಾಲದಲ್ಲಿ ನನ್ನ ಮದುವೆ ನಡೆಯಿತು. ಹೆಣ್ಣು ಹುಕ್ಕೇರಿಯದು, ಆಷಾಢಕ್ಕೆ ಮುಂಚೆಯೇ ಗೊತ್ತಾಗಿತ್ತು. ಲಗ್ನಪತ್ರಿಕೆ ಎಲ್ಲಿ ಹಾಕಿಸುವುದು ಎಂಬ ಮಾತು ಬಂದಾಗ ಮಾವನವರು ನನ್ನ ಕಡೆ ನೋಡಲೂ ಇಲ್ಲ. ನಾನು ಬಾಯಿ ತೆಗೆಯಲೂ ಇಲ್ಲ. ಅದೂ ಹುಕ್ಕೇರಿಯಲ್ಲೇ ಅಚ್ಚಾಯಿತು. ಕಾಕಾ, ಕಾಕು ಇಬ್ಬರೂ ಮದುವೆಗೆ ಬಂದರು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ನನ್ನ ಕಿವಿಯಲ್ಲಿ, "ಎರಡ ತಪ್ಪ ಅದಾವ್ರಿ ಪತ್ರಿಕ್ಯಾಗ. ಒಂದ ನಿಮ್ಮ ಹೆಸರನ್ಯಾಗ. ಆದ್ರ ಈಗ ಏನ ಮಾಡಾಕ ಬರೂದಿಲ್ಲ, ಅಕ್ಕಿಕಾಳ ಬಿದ್ದಾವು," ಎಂದರು. ನನಗೆ ನಗಲು ಬರಲಿಲ್ಲ. ಅವರೇ ನಕ್ಕರು.

ಮಾಘದ ಒಂದು ದಿನ ನಾನು ಅಂಗಡಿಯಲ್ಲಿದ್ದಾಗ ಕುಲಗೋಡದ ಒಬ್ಬ ಹಿರಿಯರು ಬಂದರು. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ಮೊದಲು ಕುರಿ ಸಾಕಿಕೊಂಡಿದ್ದ ಮನೆತನ, ಈಗ ಹೊಲವೂ ಇತ್ತು. ಒಳಗೆ ಬಂದವರೇ, "ಎಮ್ಮಿ ವ್ಯಾಪಾರಾ ಬರದಾಂವ ಯಾಂವ?" ಎಂದು ಕೇಳಿದರು.

ಕಾಕಾ ಏಳುವ ಮುಂಚೆ ನಾನೇ, "ನಾನು," ಎಂದೆ.

"ಟವೆಲ್ಲಿನ ಬಾಜೂಕ ಬಗ್ಗಿ ನಿಂತಿದ್ದ ಹುಡುಗ ನೀನ ಏನ? ಎಮ್ಮಿ ಕದಿಯಾಕ ಬಂದೀಯಂತ ತಿಳದಿದ್ನಿ. ಮಾತ ಕದ್ದಿ." ಎಮ್ಮೆ ಮಾರಲು ನಿಂತಿದ್ದವರು ಇವರೇ. ಯಾರೋ ಓದಿ ಹೇಳಿದಾಗ ತಮ್ಮ ಬೈಗುಳ ತಮಗೇ ಗುರುತು ಸಿಕ್ಕಿತಂತೆ. "ಮಗನ ಲಗ್ನ ಐತಿ. ಪತ್ರಿಕಿ ಹಾಕ್ರಿ. ನಾ ಹೆಂಗ ಕರಿತೇನಿ ಹಂಗ ಇರಬೇಕ. ಆ ಘನ ಮಹಾರಾಜಶ್ರೀ ಎಲ್ಲಾ ಬ್ಯಾಡ, ಅದು ಯಾರಿಗೆ ಅಂದಿದ್ದು ಅಂತ ನಮ್ಮ ಮಂದಿಗಿ ತಿಳಿಯೂದಿಲ್ಲ."

ಕಾಕಾ ಮೆಲ್ಲಗೆ, "ಯಜಮಾನ್ರ, ಈ ಯಂತ್ರಕ್ಕ ಮಂದಿ ಅಂಜತಾರ. ಸಾವಿನ ಪತ್ರಾ ಹಾಕಿದ್ದು ಅಂತಾರ," ಎಂದರು.

"ಯಾರ ಸಾವು? ಆ ಪತ್ರದಾಗ ಇದ್ದಾಂವ ನಾನು, ನನ್ನ ಎಮ್ಮಿ. ನಾ ಇಲ್ಲೆ ನಿಂತೇನಿ. ವ್ಯಾಪಾರ ಕುದರಲಿಲ್ಲ, ಎಮ್ಮಿ ಮನ್ಯಾಗ ಐತಿ, ಮೊನ್ನೆ ಈದೈತಿ. ಹೆಣ್ಣಗರು. ಈ ಅಂಗಡೀದಾಗ ಅಚ್ಚಾದ್ರ ಆಯುಷ್ಯ ಬೆಳಿತೈತಿ ಅಂತ ಹೇಳ ಹೋಗ."

ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ, ಕಾಕಾ ಆ ಕ್ಷಣವೇ ಜೋಡಿಸತೊಡಗಿದರು. "ನಮ್ಮ ಸಣ್ಣಾಂವಂದು ಲಗ್ನ ಐತಿ. ಎಲ್ಲಾರೂ ಬರ್ರಿ. ಹಿಂದಿಂದ ಏನರ ಸಿಟ್ಟ ಇದ್ರ ಬಂದ ಉಂಡ ಆಮ್ಯಾಲ ಮಾತಾಡ್ರಿ. ಎತ್ತಿಗಿ ಮೇವ ಇಟ್ಟೇವಿ." ಕಾಕು ಯಂತ್ರ ತುಳಿದರು. ಅಂಥ ಲಗ್ನಪತ್ರಿಕೆಯನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಕೈಯಿಂದ ಕೈಗೆ ಓಡಿತು. ಸಿಟ್ಟಿದ್ದವರೆಲ್ಲ ಉಣ್ಣಲು ಬಂದರಂತೆ. ಮುಂದಿನ ವಾರ ಅಂಕಲಗಿಯಿಂದ ಇಬ್ಬರು ಬಂದು, "ನಮಗೂ ಆ ಸಿಟ್ಟಿಂದ ಒಂದ ಸಾಲ ಹಾಕ್ರಿ," ಎಂದರು. ಚೈತ್ರದ ಹೊತ್ತಿಗೆ ಕಾಕು, "ಕಾಲ ನೋಯಾಕತ್ತಾವ," ಎಂದು ಗೊಣಗುವಷ್ಟು ಕೆಲಸವಾಯಿತು. ಅಂಗಡಿ ಉಳಿಯಿತು.

ಇನ್ನು ನಾನು ಸಿಕ್ಕಿಬಿದ್ದ ಸಂಗತಿ. ಇದನ್ನು ಬರೆಯಲೆಂದು ಆ ವರ್ಷದ ದಿನಚರಿ ತೆಗೆದೆ. ಆಷಾಢದ ಒಂದು ದಿನ ನನ್ನದೇ ಅಕ್ಷರದಲ್ಲಿ ಹೀಗಿದೆ: "ಸುತ್ತ ಕರಿ ಅಂಚು ಹಾಕಿಸಿದೆ. ಕಾಕಾ ಬಳ್ಳಿ ಚಿತ್ರ ಹಾಕೋಣ ಎಂದರು. ಬೇಡವೆಂದೆ. ಕರಿಯದೇ ಗಂಭೀರ."

ಎರಡು ದಿನ ಅದನ್ನೇ ನೋಡುತ್ತ ಕೂತೆ. ಇಷ್ಟು ವರ್ಷ ಅಂಚು ಅವರದೆಂದು ನಾನೂ ನಂಬಿದ್ದೆ. ಮೊದಲಿನಿಂದಲೂ ಮರೆತಿತ್ತೋ, ಅವರು ತಪ್ಪು ತಮ್ಮದೆಂದು ಹೇಳುತ್ತಿದ್ದಾಗ ಗೊತ್ತಿದ್ದೂ ಸುಮ್ಮನಿದ್ದು ಆಮೇಲೆ ಮರೆತೆನೋ, ದಿನಚರಿ ಹೇಳುವುದಿಲ್ಲ. ಮದುವೆಯ ಊಟದ ದಿನ ನನಗೆ ಯಾಕೆ ನಗಲು ಬರಲಿಲ್ಲ ಎಂದು ನೆನೆದರೆ, ಎರಡನೆಯದೇ ಇರಬೇಕು.

ಕಾಕಾನ ಮನೆಗೆ ಹೋದೆ. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ದಿನಚರಿಯ ಸಾಲನ್ನು ಓದಿ ಹೇಳಿದೆ.

"ಹೌದಲ್ರಿ. ನೀವ ಹೇಳಿದ್ರಿ," ಎಂದರು, ನಿನ್ನೆಯ ಊಟದ ವಿಷಯ ಕೇಳಿದಂತೆ. "ಬಳ್ಳಿ ಚಂದ ಇತ್ತು."

"ಮತ್ತೆ ಎಲ್ಲರಿಗೂ ನಿಮ್ಮ ತಪ್ಪು ಅಂತ ಯಾಕೆ ಹೇಳಿದಿರಿ?"

ಒಳಗಿನಿಂದ ಕಾಕು, "ಹೇಳ್ರಿ ಈಗರ. ನುಚ್ಚ ಉಂಡ ದಿನಾ ತಗದಾವ್ರು ನಾವು," ಎಂದರು.

"ನಿಮ್ಮ ಮಾವನೋರು ಆಷಾಢದಾಗ ಅಂಗಡಿಗಿ ಬಂದಿದ್ರು," ಎಂದರು ಕಾಕಾ. "ನೀವ ಸಾಲ್ಯಾಗ ಇದ್ರಿ. ಕರಿ ಅಂಚ ಹಾಕಸಿದಾಂವ ಯಾರು, ವರ ಏನ, ಅಂವ ಆಗಿದ್ರ ನಾ ಹೆಣ್ಣ ಕೊಡೂದಿಲ್ಲ ಅಂದ್ರು. ಹೊರಗ ಗಾಡ್ಯಾಗ ಹುಡುಗಿ ಕುಂತಿದ್ಲು. ನಿಮ್ಮ ಎಮ್ಮಿ ಓದಿ ಬಿದ್ದ ಬಿದ್ದ ನಗಾಕತ್ತಿದ್ಲು. ಮುಂಬಯಿಂದ ಮೈಸೂರ ಮಟಾ ಹುಡಕಿದ್ವಿ ಮಾಸ್ತರ, ಹಂಗ ಓದಾವ್ರು ಒಬ್ರ ಸಿಕ್ಕಿರಲಿಲ್ಲ. ಸಿಕ್ಕಾಗ ಬಿಡಾಕ ಬರತೈತೇನ? ನಂದು ಅಂದೆ. ನನಗ ಲಗ್ನ ಆಗಿತ್ತು."

"ಆಗಿ ತಪ್ಪ ಆತು," ಎಂದರು ಕಾಕು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ನಕ್ಕಿದ್ದು ಖರೆ. ಆದ್ರ ನಿಮ್ಮ ಎಮ್ಮಿಗಿ ಅಲ್ಲ. ನಮ್ಮಪ್ಪ ಆ ಕಾಗದಾ ಮುಟ್ಟಬಾರದಂತ ಹುಕ್ಕೇರಿಯಿಂದ ಗೋಕಾಕ ಮಟಾ ಒಲಿ ಇಕ್ಕಳದಾಗ ಹಿಡಕೊಂಡ ಬಂದಿದ್ದ. ಅಂಗಡ್ಯಾಗೂ ಇಕ್ಕಳಾ ಬಿಟ್ಟಿರಲಿಲ್ಲ. ಅದನ್ನ ನೋಡಿ ನಗು ತಡೀಲಿಲ್ಲ ನನಗ."

"ಹಾಗಾದರೆ ನೀನು ಓದಿಯೇ ಇಲ್ಲವೇ?"

"ಓದೇನ್ರಿ. ಗಾಡ್ಯಾಗ ದಾರಿ ತುಂಬಾ ಕಣ್ಣ ಮುಂದ ಇತ್ತಲ್ಲ. ಆದ್ರ ಪುಟಾ ತಿರುವಾವ್ರ ಯಾರು? ಮೊದಲನೇ ಪುಟಾ ಅಷ್ಟ. ಹತ್ತ ಸಲ ಓದಿರಬೇಕು." ಮೊರದಿಂದ ಚೆಲ್ಲಿದ ಎರಡು ಕಾಳು ಆರಿಸಿ ಹಾಕಿದಳು. "ಮುಂದ ಏನಿತ್ತು?"

ಇಷ್ಟು ವರ್ಷ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕಪಾಟು ಹುಡುಕಿದೆ, ಸಿಗಲಿಲ್ಲ; ನಮಗೆಂದು ಒಂದು ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ. ಬಂದ ಪ್ರತಿಗಳನ್ನೆಲ್ಲ ಜನ ಹರಿದಿದ್ದರು, ನನ್ನ ಹಸ್ತಪ್ರತಿ ಅಚ್ಚಿನ ಮಸಿಯಲ್ಲಿ ನೆನೆದು ಕಾಕುವಿನ ಒಲೆಗೆ ಹೋಗಿತ್ತು. ದಿನಚರಿಯಲ್ಲಿಯೂ ಒಂದು ಸಾಲು ಇಲ್ಲ. ಅವಳು ಮೊರದ ಮುಂದೆ ಕಾಯುತ್ತ ಕೂತಿದ್ದಳು. ನಾನೂ ಎದುರಿಗೆ ಕೂತು, ಇದ್ದದ್ದು ಎಷ್ಟೋ, ಈಗ ಹುಟ್ಟಿದ್ದು ಎಷ್ಟೋ ನೋಡದೆ, ಎರಡನೆಯ ಪುಟದಿಂದ ಹೇಳತೊಡಗಿದೆ.